ತೋಟದ ಕಲ್ಲುಪೆಟ್ಟಿಗೆಯ ಮೂಳೆಗೆ ವಯಸ್ಸು ಹೇಳುವ ಬಗೆ

ಓದುಗರ ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಹನ್ನೆರಡು ಎಕರೆ ಕಾಫಿ ತೋಟ. ಈ ಬೇಸಿಗೆ ನೀರಿನ ಹೊಂಡ ತೆಗೆಸುವಾಗ ಆಳುದ್ದದ ಕೆಳಗೆ ದೊಡ್ಡ ಚಪ್ಪಡಿ ಕಲ್ಲು ಸಿಕ್ಕಿತು. ಸರಿಸಿ ನೋಡಿದರೆ ನಾಲ್ಕು ಕಡೆ ಕಲ್ಲು ನಿಲ್ಲಿಸಿ ಮಾಡಿದ ಪೆಟ್ಟಿಗೆಯ ಹಾಗಿತ್ತು. ಒಳಗೆ ಮಣ್ಣು ತುಂಬಿದ ಮಡಕೆಗಳು (ಒಳಮೈ ಕಪ್ಪು, ಹೊರಮೈ ಕೆಂಪು), ತುಕ್ಕು ತಿಂದ ಕಬ್ಬಿಣದ ತುಂಡು, ಪುಡಿಪುಡಿಯಾದ ಮೂಳೆ, ಎರಡು ಹಲ್ಲು ಇವೆ. ಊರಿನವರು ಇದನ್ನು ಪಾಂಡವರ ಮನೆ ಅನ್ನುತ್ತಾರೆ. ಕೆಲಸ ನಿಲ್ಲಿಸಿದ್ದೇವೆ. ಎರಡು ತುಂಡು ಮೂಳೆ ಮಾತ್ರ ಹೊರಗೆ ಬಂದಿದೆ. ನನ್ನ ಮಗ ಕ್ಯಾಲ್ಸಿಯಂ-41 ಅನ್ನುವ ಅಪರೂಪದ ವಿಕಿರಣಶೀಲ ಐಸೋಟೋಪ್ (ಒಂದೇ ಧಾತುವಿನ ಬೇರೆ ತೂಕದ ಪರಮಾಣು) ಬಗ್ಗೆ ಓದಿದ್ದಾನೆ. ಅದರಿಂದ ಮೂಳೆಯ ವಯಸ್ಸನ್ನು ಲಕ್ಷಾಂತರ ವರ್ಷದವರೆಗೂ ಅಳೆಯಬಹುದಂತೆ. ನಮ್ಮ ಮೂಳೆಗೆ ಆ ಪರೀಕ್ಷೆ ಮಾಡಿಸಬಹುದೇ? ಕಾರ್ಬನ್ ಪರೀಕ್ಷೆಗಿಂತ ಅದು ಒಳ್ಳೆಯದೇ? ನಮ್ಮ ಅತ್ತೆಯವರು ಅರಿಶಿನ ಕುಂಕುಮ ಹಾಕಿ, ಕರ್ಪೂರ ಹಚ್ಚಿ, ಇದ್ದಲ್ಲೇ ಮುಚ್ಚಿಬಿಡಿ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲಿಗೆ, ಕೆಲಸ ನಿಲ್ಲಿಸಿದಿರಲ್ಲ, ಅದಕ್ಕೆ ನಿಮಗೂ ಮನೆಯವರಿಗೂ ಕೈಮುಗಿಯುತ್ತೇನೆ. ಹೊಂಡ ತೆಗೆಸಲು ಬೇಸಿಗೆಯೊಂದೇ ಕಾಲ, ಮಳೆ ಹಿಡಿದರೆ ಆ ವರ್ಷದ ಮಾತು ಮುಗಿಯಿತು ಎಂಬುದು ಸಕಲೇಶಪುರದ ಕಡೆ ಬೆಳೆದ ನನಗೂ ಗೊತ್ತು. ಹಾಗಿದ್ದೂ ನಿಲ್ಲಿಸಿದ್ದೀರಿ.

ನೇರ ಉತ್ತರ ಹೀಗಿದೆ. ಕ್ಯಾಲ್ಸಿಯಂ-41 ನಿಮ್ಮ ಮೂಳೆಗೆ ಆಗಿಬರುವುದಿಲ್ಲ. ವಿಧಾನದಲ್ಲಿ ದೋಷವಿದೆಯೆಂದಲ್ಲ, ಅದರ ಲೆಕ್ಕಕ್ಕೆ ನಿಮ್ಮ ಮೂಳೆ ತೀರಾ ಎಳೆಯದು. ಕಲ್ಲುಪೆಟ್ಟಿಗೆ, ಕಪ್ಪು-ಕೆಂಪು ಮಡಕೆ, ಕಬ್ಬಿಣ ಮೂರೂ ಒಟ್ಟಿಗೆ ಕಂಡರೆ ಅದು ಬೃಹತ್ ಶಿಲಾ ಸಂಸ್ಕೃತಿಯ, ಅಂದರೆ ಕಬ್ಬಿಣಯುಗದಲ್ಲಿ ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದವರ, ಸಮಾಧಿ. ದಕ್ಷಿಣ ಭಾರತದಲ್ಲಿ ಇಂಥವು ಹೆಚ್ಚಾಗಿ ಕ್ರಿಸ್ತಪೂರ್ವದ ಕೊನೆಯ ಸಾವಿರ ವರ್ಷಗಳಿಗೆ ಸೇರಿದವು. ಅಂದರೆ ಎರಡರಿಂದ ಮೂರು ಸಾವಿರ ವರ್ಷ. ಆ ವಯಸ್ಸಿಗೆ ಸರಿಯಾದ ಗಡಿಯಾರ ಕಾರ್ಬನ್-14. ಆದರೆ ನಮ್ಮ ಮಲೆನಾಡಿನ ಮಣ್ಣು ಆ ಗಡಿಯಾರದ ಮುಳ್ಳನ್ನೇ ತಿಂದುಹಾಕಿರುವ ಸಾಧ್ಯತೆ ಹೆಚ್ಚು. ಹಾಗಾದರೆ ವಯಸ್ಸನ್ನು ಹೇಳಬೇಕಾದದ್ದು ಮೂಳೆಯ ಪಕ್ಕದಲ್ಲಿರುವ ಇದ್ದಿಲು, ಮಡಕೆ, ಮಣ್ಣು. ಅದಕ್ಕೇ ಈ ಉತ್ತರ ಇಷ್ಟು ಉದ್ದವಾಗುತ್ತಿದೆ. ಮೂಳೆಯನ್ನು ತೆಗೆದು ಡಬ್ಬಿಗೆ ಹಾಕಿ ಕಳಿಸಿದರೆ ವಯಸ್ಸು ಬಂದುಬಿಡುತ್ತದೆ ಎಂಬ ನಂಬಿಕೆಯಿಂದ ಎಷ್ಟೋ ಕಡೆ ಮೂಳೆಯೂ ಹೋಗಿದೆ, ವಯಸ್ಸೂ ಹೋಗಿದೆ.

ನಮ್ಮ ಸೀಮೆಯ ಹೊಯ್ಸಳರ ಕಾಲದ ಎಷ್ಟೋ ವೀರಗಲ್ಲುಗಳಲ್ಲಿ ಶಕವರ್ಷ, ಸಂವತ್ಸರ, ತಿಥಿ ಕೊರೆದಿರುತ್ತದೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ ಇಸವಿ ಇಲ್ಲದಿದ್ದರೂ ಲಿಪಿ, ಭಾಷೆ, ಅರಸರ ಹೆಸರು ಹಿಡಿದು ಸುಮಾರು ಕ್ರಿ.ಶ. 450 ಎನ್ನುತ್ತೇವೆ. ಮೂಳೆಯ ಮೇಲೆ ಅಕ್ಷರವಿಲ್ಲ. ಅದರ ಒಳಗಿನ ಪರಮಾಣುಗಳನ್ನೇ ಓದಬೇಕು.

ಈ ಓದನ್ನು ಸೋರುವ ಕೊಡ ಎಂದುಕೊಳ್ಳಿ. ತಳದಲ್ಲಿ ಸಣ್ಣ ತೂತಿರುವ ಕೊಡವನ್ನು ಯಾರೋ ತುಂಬಿಸಿ ಇಟ್ಟು ಹೋಗಿದ್ದಾರೆ. ಈಗ ನೀವು ಬಂದು ನೀರಿನ ಮಟ್ಟ ನೋಡಿ, ಇಟ್ಟು ಎಷ್ಟು ಹೊತ್ತಾಯಿತು ಎಂದು ಹೇಳಬೇಕು. ಮೂರು ಸಂಗತಿ ಗೊತ್ತಿದ್ದರೆ ಮಾತ್ರ ಹೇಳಬಹುದು. ಇಟ್ಟಾಗ ಕೊಡದಲ್ಲಿ ಎಷ್ಟು ನೀರಿತ್ತು? ತೂತು ಎಷ್ಟು ದೊಡ್ಡದು? ನಡುವೆ ಯಾರಾದರೂ ನೀರು ಸುರಿದರೇ, ತೆಗೆದರೇ? ತೂತಿನ ಅಳತೆ ವಿಜ್ಞಾನಕ್ಕೆ ಚೆನ್ನಾಗಿ ಗೊತ್ತು, ಅದನ್ನೇ ಅರ್ಧಾಯುಷ್ಯ ಎನ್ನುವುದು. ಇರುವ ವಿಕಿರಣಶೀಲ ಪರಮಾಣುಗಳಲ್ಲಿ ಅರ್ಧ ಕರಗಲು ಹಿಡಿಯುವ ಕಾಲ ಅದು, ಬಿಸಿಲಿಗೂ ಮಳೆಗೂ ಬದಲಾಗುವುದಿಲ್ಲ. ಕಷ್ಟವೆಲ್ಲ ಉಳಿದೆರಡು ಪ್ರಶ್ನೆಗಳಲ್ಲಿದೆ. ಒಂದೊಂದು ಐಸೋಟೋಪ್ ಒಂದೊಂದು ಕಡೆ ಎಡವುತ್ತದೆ.

ಕಾರ್ಬನ್-14 ಮೊದಲ ಪ್ರಶ್ನೆಯನ್ನು ಬಹಳ ಸೊಗಸಾಗಿ ದಾಟುತ್ತದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಮೇಲಿನ ವಾತಾವರಣದಲ್ಲಿ ನ್ಯೂಟ್ರಾನ್‌ಗಳನ್ನು ಹುಟ್ಟಿಸುತ್ತವೆ. ಅವು ನೈಟ್ರೋಜನ್ನಿಗೆ ಬಡಿದಾಗ ಕಾರ್ಬನ್-14 ಆಗುತ್ತದೆ. ಗಾಳಿ ಅದನ್ನು ಲೋಕಕ್ಕೆಲ್ಲ ಹೆಚ್ಚುಕಡಿಮೆ ಸಮನಾಗಿ ಹಂಚುತ್ತದೆ. ಗಿಡ ಉಸಿರಾಡಿ, ದನ ಮೇಯ್ದು, ನಾವು ಉಂಡು, ಎಲ್ಲರ ಮೈಯಲ್ಲೂ ಒಂದೇ ಪ್ರಮಾಣ ಸೇರುತ್ತದೆ. ಸುಮಾರು ಒಂದು ಲಕ್ಷ ಕೋಟಿ ಕಾರ್ಬನ್ ಪರಮಾಣುಗಳಿಗೆ ಒಂದು. ಸತ್ತ ದಿನ ಕೊಡ ತುಂಬುವುದು ನಿಂತು ಸೋರುವುದು ಮಾತ್ರ ಉಳಿಯುತ್ತದೆ. 1940ರಲ್ಲಿ ಮಾರ್ಟಿನ್ ಕೇಮನ್ ಮತ್ತು ಸ್ಯಾಮ್ ರೂಬೆನ್ ಈ ಐಸೋಟೋಪನ್ನು ಕಂಡುಹಿಡಿದರು. ವಿಲರ್ಡ್ ಲಿಬಿ 1949ರಲ್ಲಿ ಇದರಿಂದ ಕಾಲ ಅಳೆದು ತೋರಿಸಿದರು, 1960ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಅರ್ಧಾಯುಷ್ಯ 5,730 ವರ್ಷ. ನಿಮ್ಮ ಮೂಳೆ 2,500 ವರ್ಷದ್ದಾಗಿದ್ದರೆ ಮೊದಲಿದ್ದ ಕಾರ್ಬನ್-14ರಲ್ಲಿ ನೂರಕ್ಕೆ ಸುಮಾರು 74 ಭಾಗ ಈಗಲೂ ಉಳಿದಿರುತ್ತದೆ, 26 ಭಾಗ ಹೋಗಿರುತ್ತದೆ. ಅಳೆಯಲು ಧಾರಾಳ. ಐವತ್ತು ಸಾವಿರ ವರ್ಷ ದಾಟಿದರೆ ಉಳಿಯುವುದು ಇಲ್ಲವೆನ್ನುವಷ್ಟು. ಈ ಗಡಿಯಾರ ಅಲ್ಲಿಗೆ ನಿಲ್ಲುತ್ತದೆ.

ಆ ಗಡಿಯ ಆಚೆ ಏನು ಮಾಡುವುದು ಎಂಬ ತವಕದಿಂದಲೇ ಕ್ಯಾಲ್ಸಿಯಂ-41ರ ಯೋಚನೆ ಹುಟ್ಟಿತು. ನಿಮ್ಮ ಮಗ ಓದಿರುವುದು ಸುಳ್ಳಲ್ಲ. ಅವನ ಕುತೂಹಲಕ್ಕೆ ಸರಿಯಾದ ಉತ್ತರ ಸಿಗಬೇಕು, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಣ ಮೂಳೆಯ ತೂಕದಲ್ಲಿ ಕಾಲು ಭಾಗದಷ್ಟು ಕ್ಯಾಲ್ಸಿಯಮ್ಮೇ. ಮೂಳೆಗೆ ಗಡಿಯಾರ ಕಟ್ಟಬೇಕಾದರೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲವೆಂದು ಅನ್ನಿಸುವುದು ಸಹಜ. ನೆಲದ ಮೇಲ್ಪದರದಲ್ಲಿ, ಕೆಲವು ಮೀಟರ್ ಆಳದೊಳಗೆ, ವಿಶ್ವಕಿರಣದಿಂದ ಬಂದ ನ್ಯೂಟ್ರಾನನ್ನು ಸಾಮಾನ್ಯ ಕ್ಯಾಲ್ಸಿಯಂ-40 ನುಂಗಿದಾಗ ಕ್ಯಾಲ್ಸಿಯಂ-41 ಆಗುತ್ತದೆ. ಅದು ಮಣ್ಣಿನಿಂದ ರಾಗಿಗೆ, ಹುಲ್ಲಿಗೆ, ಹಾಲಿಗೆ, ಕೊನೆಗೆ ನಮ್ಮ ಮೂಳೆಗೆ ಬರುತ್ತದೆ. ಅರ್ಧಾಯುಷ್ಯ ಸುಮಾರು 99,400 ವರ್ಷ, ಒಂದು ಲಕ್ಷವೆಂದೇ ಇಟ್ಟುಕೊಳ್ಳಿ. ಇದರಿಂದ ಮೂಳೆಗೆ ಕಾಲ ಕಟ್ಟಬಹುದು ಎಂಬ ಸಲಹೆಯನ್ನು ಫ್ರಾನ್ಸಿನ ರೇಸ್‌ಬೆಕ್ ಮತ್ತು ಯಿಯು 1979ರಲ್ಲೇ ಮುಂದಿಟ್ಟಿದ್ದರು. ನಾನು ಈ ಕ್ಷೇತ್ರಕ್ಕೆ ಕಾಲಿಟ್ಟ ವರ್ಷಗಳಲ್ಲಿ ಹಿರಿಯರು ಇದನ್ನು ಕನಸಿನ ಗಡಿಯಾರ ಎಂದು ಮಾತಾಡಿಕೊಳ್ಳುತ್ತಿದ್ದರು.

ಕನಸಾಗಿಯೇ ಉಳಿಯಲು ಮೊದಲ ಕಾರಣ ಅದರ ವಿರಳತೆ. ಮೂಳೆಯಲ್ಲಿ ಕ್ಯಾಲ್ಸಿಯಂ-41 ಇರುವುದು ಕಾರ್ಬನ್-14ಕ್ಕಿಂತಲೂ ನೂರಾರು, ಸಾವಿರಾರು ಪಟ್ಟು ಕಡಿಮೆ. ಸಾವಿರ ಲಕ್ಷ ಕೋಟಿ ಕ್ಯಾಲ್ಸಿಯಂ ಪರಮಾಣುಗಳಿಗೆ ಒಂದು ಎಂದುಕೊಂಡರೆ, ನಮ್ಮ ಭಾಷೆಯಲ್ಲಿ ಲೆಕ್ಕ ಹೀಗಾಗುತ್ತದೆ: ಈಗ ಭಾರತ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ ಕಾಫಿ ಬೆಳೆಯುತ್ತದೆ. ಬಾಬಾ ಬುಡನ್ ನಮ್ಮ ಗಿರಿಗೆ ಕಾಫಿ ತಂದರೆಂದು ಹೇಳುವ 17ನೇ ಶತಮಾನದಿಂದ ಇಂದಿನವರೆಗೆ ಪ್ರತಿ ವರ್ಷವೂ ಈಗಿನಷ್ಟೇ ಬೆಳೆ ಬಂದಿತ್ತೆಂದು ಭಾವಿಸಿ. ಆ ಅಷ್ಟೂ ಬೀಜವನ್ನು ಒಂದೇ ಕಣದಲ್ಲಿ ಹರಡಿ, ಅದರಲ್ಲಿ ಒಂದೇ ಒಂದು ಬೀಜ ಹುಡುಕಬೇಕು. ಅದು ಕರಗುವ ಸದ್ದು ಕೇಳಿಸಿಕೊಳ್ಳೋಣವೆಂದರೂ ಆಗದು. ಒಂದು ಗ್ರಾಂ ತಾಜಾ ಕಾರ್ಬನ್ನಿನಲ್ಲಿ ನಿಮಿಷಕ್ಕೆ ಹದಿಮೂರು-ಹದಿನಾಲ್ಕು ಪರಮಾಣು ಸಿಡಿಯುತ್ತವೆ. ಈ ಪ್ರಮಾಣದ ಒಂದು ಗ್ರಾಂ ಕ್ಯಾಲ್ಸಿಯಮ್ಮಿನಲ್ಲಿ ಕ್ಯಾಲ್ಸಿಯಂ-41 ಸಿಡಿಯುವುದು ಮೂರು-ನಾಲ್ಕು ದಿನಕ್ಕೊಮ್ಮೆ, ಅದೂ ತೀರಾ ಕ್ಷೀಣವಾದ ಎಕ್ಸ್-ಕಿರಣವಾಗಿ. ಆದ್ದರಿಂದ ಸಿಡಿಯುವುದನ್ನು ಕಾಯದೆ ಇರುವ ಪರಮಾಣುಗಳನ್ನೇ ಎಣಿಸಬೇಕು. ಪರಮಾಣುಗಳನ್ನು ಅತಿವೇಗದಲ್ಲಿ ಓಡಿಸಿ ಬೇರ್ಪಡಿಸುವ ವೇಗವರ್ಧಕ ಯಂತ್ರಗಳಲ್ಲಿ ತೂಕದ ಮೇಲೆ ಎಣಿಸಹೊರಟರೆ ಪೊಟ್ಯಾಸಿಯಂ-41 ಅಡ್ಡ ಬರುತ್ತದೆ. ಎರಡರ ತೂಕವೂ ಹೆಚ್ಚುಕಡಿಮೆ ಒಂದೇ, ಪೊಟ್ಯಾಸಿಯಂ ಎಲ್ಲೆಲ್ಲೂ ಇದೆ.

ಈ ಗೋಡೆಯನ್ನು ದಾಟಿದ್ದು ಲೇಸರ್. ಚೀನಾದ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಪ್ರಕಟಿಸಿದ ಕೆಲಸವನ್ನು ನಾನು ಎರಡು ಸಲ ಓದಿದೆ, ಅಷ್ಟು ಸಂತೋಷವಾಯಿತು. ಅವರು ಕ್ಯಾಲ್ಸಿಯಮ್ಮನ್ನು ಕಾಯಿಸಿ ಪರಮಾಣುಗಳ ಧಾರೆಯಾಗಿ ಹರಿಸುತ್ತಾರೆ. ನಿರ್ದಿಷ್ಟ ಬಣ್ಣದ ಲೇಸರ್ ಬೆಳಕನ್ನು ಕ್ಯಾಲ್ಸಿಯಂ-41ಕ್ಕೆ ಮಾತ್ರ ಹೊಂದುವಂತೆ ಕೂದಲೆಳೆಯಷ್ಟು ನಿಖರವಾಗಿ ತಿರುಗಿಸಿಡುತ್ತಾರೆ. ಆ ಬೆಳಕು ಅದೊಂದನ್ನೇ ತಡೆದು ನಿಧಾನಿಸಿ, ಕಾಂತಕ್ಷೇತ್ರದ ಬೋನಿನಲ್ಲಿ ಹಿಡಿದು ನಿಲ್ಲಿಸುತ್ತದೆ. ಸಿಕ್ಕಿಬಿದ್ದ ಒಂಟಿ ಪರಮಾಣು ಮಿಂಚುಹುಳುವಿನಂತೆ ಹೊಳೆಯುತ್ತದೆ, ಕ್ಯಾಮೆರಾ ಅದನ್ನು ಎಣಿಸುತ್ತದೆ. ಪೊಟ್ಯಾಸಿಯಂ ಬೇರೆಯೇ ಧಾತು, ಈ ಬೆಳಕು ಅದಕ್ಕೆ ತಾಗುವುದೇ ಇಲ್ಲ. ಹೀಗೆ ಮೂಳೆ, ಬಂಡೆ, ಸಮುದ್ರದ ನೀರಿನ ಮಾದರಿಗಳನ್ನು ಅಳೆದು, ನಾನು ಮೇಲೆ ಹೇಳಿದ ಕಾಫಿ ಲೆಕ್ಕಕ್ಕಿಂತಲೂ ನೂರು ಪಟ್ಟು ವಿರಳವಾದ ಮಟ್ಟದವರೆಗೆ ಹೋಗಬಹುದೆಂದು ತೋರಿಸಿದರು.

ಎಣಿಸುವುದು ಸಾಧ್ಯವಾಯಿತು, ಸರಿ. ಆದರೆ ಕೊಡದ ಮೊದಲ ಪ್ರಶ್ನೆ ಹಾಗೇ ಉಳಿದಿದೆ: ಇಟ್ಟಾಗ ಎಷ್ಟಿತ್ತು? ಕಾರ್ಬನ್ನನ್ನು ಗಾಳಿ ಕಲಸುತ್ತದೆ. ಕ್ಯಾಲ್ಸಿಯಮ್ಮನ್ನು ಕಲಸುವವರು ಯಾರೂ ಇಲ್ಲ, ಅದು ಹುಟ್ಟಿದ ಮಣ್ಣಿನಲ್ಲೇ ಇರುತ್ತದೆ. ಬೆಟ್ಟದ ಎತ್ತರ, ಮಣ್ಣು ಕೊಚ್ಚಿಹೋಗುವ ವೇಗ, ನ್ಯೂಟ್ರಾನ್ ಕದಿಯುವ ಬೇರೆ ಧಾತುಗಳು ಮಣ್ಣಿನಲ್ಲಿ ಎಷ್ಟಿವೆ ಎಂಬುದು, ಇವೆಲ್ಲದರಿಂದ ಅದರ ಪ್ರಮಾಣ ಊರಿಂದೂರಿಗೆ ಬದಲಾಗುತ್ತದೆ. ಊಟದಿಂದಲೂ ಬದಲಾಗುತ್ತದೆ. ನಮ್ಮವರ ಎಲೆ-ಅಡಿಕೆಯ ಸುಣ್ಣವನ್ನೇ ನೋಡಿ. ಆಳದ ಸುಣ್ಣಕಲ್ಲಿನಿಂದಲೋ ಕಡಲ ಚಿಪ್ಪಿನಿಂದಲೋ ಬಂದ ಸುಣ್ಣದಲ್ಲಿ ಕ್ಯಾಲ್ಸಿಯಂ-41 ತೀರಾ ಕಡಿಮೆ. ಜೀವಮಾನವಿಡೀ ತಾಂಬೂಲ ಹಾಕಿದ ಅಜ್ಜಿಯ ಮೂಳೆ, ಪಕ್ಕದ ಮನೆಯಲ್ಲಿ ರಾಗಿ ಮತ್ತು ಹಾಲಿನಲ್ಲೇ ಬೆಳೆದವರ ಮೂಳೆಗಿಂತ ಮೊದಲ ದಿನದಿಂದಲೇ ಹಳೆಯದಾಗಿ ಕಂಡೀತು. ಸುಣ್ಣದ ಉದಾಹರಣೆ ನನ್ನ ಸ್ವಂತ ತರ್ಕ. ಆದರೆ ತೊಂದರೆಯ ಬೇರು ಇರುವುದು ಇಲ್ಲೇ.

ನಿಮ್ಮ ಮೂಳೆಗೆ ಈ ತೊಂದರೆಯೂ ಬೇಕಿಲ್ಲ, ಬರೀ ಗುಣಾಕಾರ ಸಾಕು. 2,500 ವರ್ಷದಲ್ಲಿ ಕ್ಯಾಲ್ಸಿಯಂ-41 ಕರಗುವುದು ನೂರಕ್ಕೆ ಎರಡು ಭಾಗಕ್ಕಿಂತಲೂ ಕಡಿಮೆ. ತುಂಬಿದ ಕೊಡದಿಂದ ಒಂದು ಸೌಟು ನೀರು ಹೋದಂತೆ. ಮೊದಲು ಕಂಠಮಟ್ಟವಿತ್ತೋ, ಅದಕ್ಕಿಂತ ಎರಡು ಬೆರಳು ಕೆಳಗಿತ್ತೋ ಎಂದೇ ಗೊತ್ತಿಲ್ಲದಾಗ ಆ ಸೌಟನ್ನು ಹೇಗೆ ಹೇಳುವುದು? ನರ್ಮದಾ ದಂಡೆಯ ಹಥ್ನೋರಾದಲ್ಲಿ 1982ರಲ್ಲಿ ಅರುಣ್ ಸೋನಾಕಿಯಾ ಅವರಿಗೆ ಸಿಕ್ಕಿದ ತಲೆಬುರುಡೆಯ ಚಿಪ್ಪಿನ ವಯಸ್ಸಿನ ಬಗ್ಗೆ ಇನ್ನೂ ವಾದವಿದೆ. ಕ್ಯಾಲ್ಸಿಯಂ-41 ಪಳಗಿದ ದಿನ ಅದರ ಉಪಯೋಗ ಅಂಥ ಮೂಳೆಗಳಿಗೆ, ಕಾರ್ಬನ್ನಿನ ಗಡಿಯಾಚೆಯ ಆದಿಮಾನವರಿಗೆ.

ಯುರೇನಿಯಂ ಬಗ್ಗೆಯೂ ನಿಮ್ಮ ಮಗ ಓದಿರಬಹುದು, ಬೇಗನೆ ಹೇಳಿ ಮುಗಿಸುತ್ತೇನೆ. ಬದುಕಿರುವ ಮೂಳೆಯಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಹೂತ ಮೇಲೆ ಅಂತರ್ಜಲದಿಂದ ಅದು ಮೂಳೆಗೆ ಇಳಿಯುತ್ತದೆ, ಅದರಿಂದ ಥೋರಿಯಂ-230 ಬೆಳೆಯುತ್ತದೆ. ಇದರ ಅರ್ಧಾಯುಷ್ಯ ಸುಮಾರು 75,600 ವರ್ಷ. ಎರಡರ ಪ್ರಮಾಣ ನೋಡಿ ಯುರೇನಿಯಂ ಯಾವಾಗ ಇಳಿಯಿತೆಂದು ಹೇಳಬಹುದು. ಗಮನಿಸಿ, ಮನುಷ್ಯ ಯಾವಾಗ ಸತ್ತನೆಂದಲ್ಲ, ಯುರೇನಿಯಂ ಯಾವಾಗ ಇಳಿಯಿತೆಂದು. ನಮ್ಮ ಕೊಡದ ಮೂರನೆಯ ಪ್ರಶ್ನೆ ಇಲ್ಲಿ ಕಾಡುತ್ತದೆ: ನಡುನಡುವೆ ಯಾರೋ ನೀರು ಸುರಿಯುತ್ತಲೇ ಇದ್ದಾರೆ. ಆದ್ದರಿಂದ ಸಾಮಾನ್ಯವಾಗಿ ಸಿಗುವುದು 'ಇದಕ್ಕಿಂತ ಎಳೆಯದಲ್ಲ' ಎಂಬ ಕನಿಷ್ಠ ವಯಸ್ಸು. ಹಲ್ಲಿನ ಹೊರಪದರವಾದ ಎನಾಮಲ್ ಗಟ್ಟಿ. ಅದಕ್ಕೆ ಯುರೇನಿಯಮ್ಮಿನ ಜೊತೆ ಎಲೆಕ್ಟ್ರಾನ್ ಸ್ಪಿನ್ ಅನುರಣನ ಎಂಬ ಇನ್ನೊಂದು ಅಳತೆ ಸೇರಿಸಿದರೆ ಉತ್ತರ ಬಿಗಿಯಾಗುತ್ತದೆ. ದಕ್ಷಿಣ ಆಫ್ರಿಕಾದ ಗುಹೆಯಲ್ಲಿ 2013ರಲ್ಲಿ ಸಿಕ್ಕ ಹೋಮೋ ನಲೇಡಿ ಎಂಬ ಆದಿಮಾನವನ ಮೈಕಟ್ಟು ನೋಡಿ ಹತ್ತಾರು ಲಕ್ಷ ವರ್ಷ ಹಳೆಯದಿರಬಹುದೆಂದು ಎಷ್ಟೋ ಮಂದಿ ಊಹಿಸಿದ್ದರು. ಹಲ್ಲುಗಳನ್ನೂ ಗುಹೆಯ ಸುಣ್ಣದ ಪದರಗಳನ್ನೂ ಅಳೆದಾಗ 2017ರಲ್ಲಿ ಬಂದ ಉತ್ತರ 2,36,000ದಿಂದ 3,35,000 ವರ್ಷ.

ಇನ್ನು ಕೆಲವೊಮ್ಮೆ ಮೂಳೆಯನ್ನು ಮುಟ್ಟುವುದೇ ಇಲ್ಲ. ನೆಲದ ಮೇಲಿರುವ ಬೆಣಚುಕಲ್ಲಿನ ಹರಳಿನಲ್ಲಿ ವಿಶ್ವಕಿರಣದಿಂದ ಅಲ್ಯೂಮಿನಿಯಂ-26, ಬೆರಿಲಿಯಂ-10 ಹುಟ್ಟುತ್ತವೆ. ಹರಳು ಆಳದಲ್ಲಿ ಹೂತುಹೋದರೆ ಹೊಸದು ಹುಟ್ಟುವುದು ನಿಂತು, ಅಲ್ಯೂಮಿನಿಯಂ ಬೇಗ, ಬೆರಿಲಿಯಂ ನಿಧಾನವಾಗಿ ಕರಗುತ್ತವೆ. ತಮಿಳುನಾಡಿನ ಅತ್ತಿರಂಪಾಕ್ಕಂನ ಕಲ್ಲಿನ ಉಪಕರಣಗಳಿಗೆ ಸುಮಾರು 15 ಲಕ್ಷ ವರ್ಷ ಎಂಬ ವಯಸ್ಸು ಸಿಕ್ಕಿದ್ದು ಈ ದಾರಿಯಲ್ಲಿ. ಚೀನಾದ ಪೀಕಿಂಗ್ ಮಾನವನೆಂಬ ಆದಿಮಾನವನ ಗುಹೆಗೆ 2009ರಲ್ಲಿ ಸುಮಾರು 7,70,000 ವರ್ಷವೆಂದು ಹೇಳಿದ್ದೂ ಜೊತೆಗೆ ಹೂತಿದ್ದ ಬೆಣಚುಕಲ್ಲೇ. ಮೂಳೆಯ ಪಕ್ಕದಲ್ಲಿರುವುದೇ ವಯಸ್ಸು ಹೇಳಬೇಕು ಅಂದೆನಲ್ಲ, ಇದೇ ಅದು.

ಈಗ ನಿಮ್ಮ ಪೆಟ್ಟಿಗೆಗೆ ಬರೋಣ. ಕಾರ್ಬನ್-14 ಅಳೆಯಲು ಮೂಳೆಯ ಖನಿಜ ಭಾಗ ಸಾಮಾನ್ಯವಾಗಿ ನಂಬಿಕೆಗೆ ಬಾರದು, ಮಣ್ಣಿನ ನೀರಿನ ಕಾರ್ಬನ್ ಅದರೊಳಗೆ ಸೇರಿಕೊಳ್ಳುತ್ತದೆ. ಬೇಕಾದದ್ದು ಕೊಲಾಜೆನ್ ಎಂಬ ಪ್ರೋಟೀನ್. ಕಾಲುಸೂಪು ಬೇಯಿಸಿ ಆರಿದ ಮೇಲೆ ಮೇಲೆ ಗಟ್ಟಿಯಾಗಿ ನಡುಗುತ್ತದಲ್ಲ, ಅದು ಮೂಳೆಯಿಂದ ಇಳಿದ ಕೊಲಾಜೆನ್ನೇ. ಹಸಿ ಮೂಳೆಯಲ್ಲಿ ಐದನೇ ಒಂದು ಭಾಗದಷ್ಟು ಇರುತ್ತದೆ. ಪ್ರಯೋಗಾಲಯದಲ್ಲೂ ಮಾಡುವುದು ಹೆಚ್ಚುಕಡಿಮೆ ಅದನ್ನೇ: ತೆಳು ಆಮ್ಲದಲ್ಲಿ ಖನಿಜ ಕರಗಿಸಿ, ಉಳಿದದ್ದನ್ನು ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಒಣಗಿಸುವುದು. ಒಂದು ಗ್ರಾಮಿನೊಳಗಿನ ಮೂಳೆಯಿಂದ ಒಂದು ಮಿಲಿಗ್ರಾಂ ಕಾರ್ಬನ್ ಸಿಕ್ಕರೆ ಸಾಕು. ಸಿಕ್ಕಿದ್ದು ನಿಜವಾದ ಕೊಲಾಜೆನ್ನೇ ಎಂದು ನೋಡಲು ಕಾರ್ಬನ್-ನೈಟ್ರೋಜನ್ ಅನುಪಾತ ಅಳೆಯುತ್ತಾರೆ. ಅದು 2.9ರಿಂದ 3.6ರ ನಡುವೆ ಇರಬೇಕು. ಆಚೀಚೆ ಹೋದರೆ ಆ ಫಲಿತಾಂಶ ಬಿಟ್ಟಂತೆಯೇ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಈ ಅಳತೆಗೆ ಬೇಕಾದ ವೇಗವರ್ಧಕಗಳಿವೆ, ವಿದೇಶಕ್ಕೇ ಕಳಿಸಬೇಕೆಂದಿಲ್ಲ.

ಆದರೆ ಮಲೆನಾಡಿನ ಮಣ್ಣು! ನೀವು ತೋಟಕ್ಕೆ ಸುಣ್ಣ ಏಕೆ ಹಾಕಿಸುತ್ತೀರಿ? ಮಣ್ಣು ಹುಳಿಯಾಗಿದೆ, ಪಿ.ಎಚ್. ಇಳಿದಿದೆ ಎಂದು ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬರೆದು ಬರುವುದರಿಂದ. ನೂರಾರು ಮಳೆಗಾಲ ಮಣ್ಣಿನ ಕ್ಯಾಲ್ಸಿಯಮ್ಮನ್ನು ತೊಳೆದು ಹೇಮಾವತಿಗೂ ಭದ್ರೆಗೂ ಕಳಿಸಿದೆ. ಆ ಹುಳಿ ಮಣ್ಣು ಕಾಫಿಯ ಬೇರಿಗೆ ಮಾಡುವುದಕ್ಕಿಂತ ಹೆಚ್ಚಿನ ಕೇಡನ್ನು ಮೂಳೆಗೆ ಮಾಡುತ್ತದೆ. ಮೊದಲು ಖನಿಜ ಕರಗುತ್ತದೆ. ಖನಿಜದ ಆಸರೆ ತಪ್ಪಿದ ಕೊಲಾಜೆನ್ನನ್ನು ಸೂಕ್ಷ್ಮಜೀವಿಗಳು ಮುಗಿಸುತ್ತವೆ. ಬೆಚ್ಚಗಿನ ತೇವದಲ್ಲಿ ಇದು ಇನ್ನೂ ಬೇಗ. ಸೈಬೀರಿಯಾದ ಹಿಮದಲ್ಲಿ ನಲವತ್ತು ಸಾವಿರ ವರ್ಷದ ಮೂಳೆಯಲ್ಲಿ ಉಳಿಯುವಷ್ಟು ಕೊಲಾಜೆನ್ ನಮ್ಮಲ್ಲಿ ಎರಡು ಸಾವಿರ ವರ್ಷದ್ದರಲ್ಲಿ ಉಳಿಯದೆ ಹೋಗಬಹುದು. ಕಡೂರು, ಅರಸೀಕೆರೆ ಕಡೆಯ ಸುಣ್ಣದ ಹರಳಿರುವ ಒಣನೆಲದಲ್ಲಾದರೆ ಮೂಳೆ ಗಟ್ಟಿಯಾಗಿ ಉಳಿಯುವ ಸಂಭವ ಹೆಚ್ಚು.

ನಿಮ್ಮ ಪತ್ರದಲ್ಲಿ ಭರವಸೆ ಕೊಡುವ ಮೂರು ಸಂಗತಿಗಳಿವೆ. ಒಂದು, ಚಪ್ಪಡಿ. ಅದು ಎಷ್ಟೋ ಮಳೆನೀರನ್ನು ತಡೆದಿದೆ. ಎರಡನೆಯದು ಹಲ್ಲು. ಎನಾಮಲ್ಲಿನ ಗೂಡಿನೊಳಗಿನ ಡೆಂಟಿನ್‌ನಲ್ಲಿ, ಮೂಳೆ ಪುಡಿಯಾದ ಮೇಲೂ ಕೊಲಾಜೆನ್ ಉಳಿದಿರುವುದುಂಟು. ಹಲ್ಲನ್ನು ಖಂಡಿತ ತೆಗೆಯಬೇಡಿ, ಕೈಯಲ್ಲಿ ಹಿಡಿಯಲೂ ಬೇಡಿ, ಮುಂದೆ ಡಿ.ಎನ್.ಎ. ನೋಡುವವರಿಗೂ ಅದೇ ಬೇಕು. ಮೂರನೆಯದು ಮಡಕೆಯೊಳಗಿನ ಮಣ್ಣು. ಅದರಲ್ಲಿ ಇದ್ದಿಲ ಚೂರು, ಸುಟ್ಟ ಧಾನ್ಯದ ಕಾಳು ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ. ಹುಳಿಮಣ್ಣಿನಲ್ಲೂ ಇದ್ದಿಲು ಕರಗುವುದಿಲ್ಲ. ಕಾಳು ಒಂದೇ ವರ್ಷದ ಬೆಳೆಯಾದ್ದರಿಂದ ಅದರ ವಯಸ್ಸು ಖಚಿತ. ಕಟ್ಟಿಗೆಯ ಇದ್ದಿಲಿನಲ್ಲಿ ಮಾತ್ರ ಎಚ್ಚರ ಬೇಕು. ಮುನ್ನೂರು ವರ್ಷದ ಹೊನ್ನೆ ಮರದ ತಿರುಳು ಮುನ್ನೂರು ವರ್ಷ ಹಿಂದಿನ ಕಾಲವನ್ನೇ ಹೇಳುತ್ತದೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಪುರಾತತ್ವಜ್ಞ ನಾಗರಾಜರಾಯರು ಉತ್ಖನನ ಮಾಡಿದಾಗ ಕಬ್ಬಿಣವಿದ್ದ ಪದರದ ಕಾರ್ಬನ್ ಕಾಲಮಾನ ಕ್ರಿ.ಪೂ. 1000ದ ಆಸುಪಾಸು ಬಂದು, ದಕ್ಷಿಣದಲ್ಲಿ ಕಬ್ಬಿಣ ತಡವಾಗಿ ಬಂತೆಂಬ ನಂಬಿಕೆಯೇ ಅಲ್ಲಾಡಿತು.

ಮೂಳೆ ಬೂದುಬಿಳಿ ಬಣ್ಣಕ್ಕಿದ್ದು, ಮೈಮೇಲೆ ಅಡ್ಡ ಸೀಳುಗಳಿದ್ದು, ಬೋಕಿಯಂತೆ ಗಟ್ಟಿಯಾಗಿದ್ದರೆ ಅದು ಸುಟ್ಟ ಮೂಳೆ. ಸುಮಾರು 600 ಡಿಗ್ರಿ ದಾಟಿದ ಬೆಂಕಿಯಲ್ಲಿ ಕೊಲಾಜೆನ್ ಪೂರ್ತಿ ಹೋಗುತ್ತದೆ, ಆದರೆ ಖನಿಜ ಮತ್ತೆ ಹರಳುಗಟ್ಟಿ ಬಿಗಿಯಾಗುತ್ತದೆ. ಆ ಹರಳಿನೊಳಗೆ ಸಿಕ್ಕಿಬಿದ್ದ ಕಾರ್ಬನ್ನನ್ನು ಈಗ ಅಳೆಯುತ್ತಾರೆ. ಹುಳಿಮಣ್ಣಿನ ನಾಡುಗಳಿಗೆ ಇದು ದೊಡ್ಡ ವರ. ಆದರೆ ಆ ಕಾರ್ಬನ್ನಿನ ದೊಡ್ಡ ಪಾಲು ಚಿತೆಯ ಕಟ್ಟಿಗೆಯ ಹೊಗೆಯಿಂದ ಬಂದಿರುತ್ತದೆ, ಮರದ ವಯಸ್ಸಿನ ತೊಡಕು ಅಲ್ಲೂ ಬಿಡುವುದಿಲ್ಲ.

ಒಳ್ಳೆಯ ಕೊಲಾಜೆನ್ ಸಿಕ್ಕಿತು, ಅಳೆದೂ ಆಯಿತು ಎಂದುಕೊಳ್ಳೋಣ. ವರದಿಯಲ್ಲಿ 2450 ± 30 (ಮೂವತ್ತು ವರ್ಷ ಹೆಚ್ಚು ಅಥವಾ ಕಡಿಮೆ) ಎಂದು ಬಂದರೆ 'ಎರಡು ಸಾವಿರದ ನಾನೂರೈವತ್ತು ವರ್ಷ ಹಿಂದೆ' ಎಂದು ಓದಬೇಡಿ. ಮೊದಲನೆಯದಾಗಿ ಆ ಲೆಕ್ಕ 1950ರಿಂದ ಹಿಂದಕ್ಕೆ. ಎರಡನೆಯದಾಗಿ ವಾತಾವರಣದ ಕಾರ್ಬನ್-14 ಎಲ್ಲ ಕಾಲದಲ್ಲೂ ಒಂದೇ ಇರಲಿಲ್ಲ. ಮರದ ಬೆಳವಣಿಗೆಯ ಉಂಗುರಗಳನ್ನು ಒಂದೊಂದಾಗಿ ಅಳೆದು ಮಾಡಿದ ತಿದ್ದುಪಡಿ ರೇಖೆಗೆ ಅದನ್ನು ಹೊಂದಿಸಬೇಕು. ಆ ರೇಖೆ ಕ್ರಿ.ಪೂ. 800ರಿಂದ 400ರವರೆಗೆ ಹೆಚ್ಚುಕಡಿಮೆ ಚಪ್ಪಟೆ. ಆದ್ದರಿಂದ 2450 ಎಂಬ ಉತ್ತರ ಕ್ರಿ.ಪೂ. 750ರಿಂದ 410ರೊಳಗೆ ಎಲ್ಲಿ ಬೇಕಾದರೂ ಬೀಳಬಹುದು. ಯಂತ್ರದ ತಪ್ಪು ಮೂವತ್ತೇ ವರ್ಷ, ಉತ್ತರದ ಅಗಲ ಮುನ್ನೂರು ಮೀರಿದ್ದು. ನಮ್ಮ ಕಬ್ಬಿಣಯುಗ ಆ ಚಪ್ಪಟೆಯ ಮೇಲೆಯೇ ಕುಳಿತಿದೆಯೆಂಬುದು ನನ್ನನ್ನು ಇಡೀ ವೃತ್ತಿಜೀವನದಲ್ಲಿ ಕಾಡಿದ ಸಂಕಟ. ಜೊತೆಗೆ ದಕ್ಷಿಣ ಗೋಳಾರ್ಧದ ಗಾಳಿ ಸರಾಸರಿ ನಲವತ್ತು ವರ್ಷದಷ್ಟು 'ಹಳೆಯದು'. ನಮ್ಮ ಬೆಳೆ ಬೆಳೆಯುವ ಮುಂಗಾರಿನಲ್ಲಿ ಆ ಗಾಳಿಯೇ ಇತ್ತ ಬೀಸುತ್ತದೆ. ಒಂದೇ ಮಾದರಿಯ ಬದಲು ಕೆಳಗಿನ ಪದರ, ಮೂಳೆ, ಮಡಕೆಯ ಕಾಳು ಹೀಗೆ ಮೂರು-ನಾಲ್ಕು ಮಾದರಿ ಕ್ರಮವಾಗಿದ್ದರೆ ಆ ಮುನ್ನೂರನ್ನು ನೂರಕ್ಕೆ ಇಳಿಸಬಹುದು. ಕ್ರಮ ಗೊತ್ತಾಗಬೇಕಾದರೆ ಅವು ಇದ್ದಲ್ಲೇ ಇರಬೇಕು.

ಇಷ್ಟು ಕಷ್ಟಪಟ್ಟರೆ ಸಿಗುವುದೇನು? ಉತ್ತರಾಖಂಡದ ರೂಪಕುಂಡ ಕೆರೆಯ ಅಸ್ಥಿಪಂಜರಗಳೆಲ್ಲ ಒಂದೇ ದುರಂತದಲ್ಲಿ ಸತ್ತವರದೆಂದು ದಶಕಗಳ ಕಾಲ ಹೇಳುತ್ತಿದ್ದರು. 2019ರಲ್ಲಿ 38 ಜನರ ಡಿ.ಎನ್.ಎ. ನೋಡಿ, ಅವರ ಮೂಳೆಗಳಲ್ಲಿ ಕಾರ್ಬನ್-14 ಅಳೆದಾಗ, ಕೆಲವರು ಸುಮಾರು ಕ್ರಿ.ಶ. 800ರವರು, ಇನ್ನು ಕೆಲವರು ಸುಮಾರು 1800ರವರು ಎಂದು ತಿಳಿಯಿತು. ಒಂದೇ ಕೆರೆಯ ದಂಡೆಯಲ್ಲಿ ಸಾವಿರ ವರ್ಷದ ಅಂತರ. ನಿಮ್ಮ ಪೆಟ್ಟಿಗೆಯಲ್ಲೂ ಒಬ್ಬರೇ ಇದ್ದಾರೆಂದು ಹೇಳಲಾಗದು. ಬೃಹತ್ ಶಿಲಾ ಸಮಾಧಿಗಳಲ್ಲಿ ಬೇರೆಡೆ ಹೂತವರ ಮೂಳೆಗಳನ್ನು ಆಯ್ದು ತಂದು ಮತ್ತೆ ಇಟ್ಟಿರುವುದು ಸಾಮಾನ್ಯ.

ಹೊರಗೆ ಬಂದಿರುವ ಎರಡು ತುಂಡಿನ ವಿಷಯ. ತೊಳೆಯಬೇಡಿ, ಬಿಸಿಲಿಗೆ ಇಡಬೇಡಿ, ಅಂಟು ಹಚ್ಚಬೇಡಿ, ಹತ್ತಿಯಲ್ಲಿ ಸುತ್ತಬೇಡಿ. ಅಂಟಿದ ಮಣ್ಣಿನ ಸಮೇತ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯಲ್ಲಿ ಸಡಿಲವಾಗಿ ಸುತ್ತಿ, ತಂಪಾದ ಒಣ ಜಾಗದಲ್ಲಿ ಇಡಿ. ವರ್ಷಗಳ ಹಿಂದೆ ನನ್ನ ಮೇಜಿಗೆ ಒಂದು ತೊಡೆಮೂಳೆಯ ತುಂಡು ಬಂತು. ಉದುರದಿರಲೆಂದು ಯಾರೋ ಪ್ರೀತಿಯಿಂದ ವಾರ್ನಿಷ್ ಬಳಿದಿದ್ದರು. ವಾರ್ನಿಷ್ ಎಂದರೆ ಕಾರ್ಬನ್ನೇ, ಮೂಳೆಯ ಒಳಗೆಲ್ಲ ಇಂಗಿತ್ತು. ತಿಂಗಳುಗಟ್ಟಲೆ ತೊಳೆದೆ, ಕೊನೆಗೆ ಕೈಬಿಟ್ಟೆ. ಆ ಜಾಗದಲ್ಲಿ ಆಗಲೇ ಕಟ್ಟಡ ಎದ್ದಿತ್ತು, ಇನ್ನೊಂದು ತುಂಡು ತರುವ ದಾರಿಯಿರಲಿಲ್ಲ. ಆ ಮನುಷ್ಯನ ಕಾಲ ಯಾವುದೆಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಪೊಲೀಸ್ ಠಾಣೆಗೆ ಒಂದು ಮಾತು ತಿಳಿಸಿ. ಮನುಷ್ಯನ ಮೂಳೆ ಎಲ್ಲಿ ಸಿಕ್ಕರೂ ಅದು ಕ್ರಮ. ಒಂದುವೇಳೆ ಇತ್ತೀಚಿನದೇ ಎಂಬ ಅನುಮಾನ ಬಂದರೂ ಕಾರ್ಬನ್-14 ಅದನ್ನು ಬಗೆಹರಿಸುತ್ತದೆ. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದ ಕಾರ್ಬನ್-14 ಸುಮಾರು ಇಮ್ಮಡಿಯಾಯಿತು, ಅದರ ಗುರುತು ಆಮೇಲಿನ ಎಲ್ಲರ ಮೂಳೆಯಲ್ಲಿದೆ. ಬಳಿಕ ಜಿಲ್ಲಾಧಿಕಾರಿಗಳ ಕಚೇರಿಗೂ, ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೂ ಬರೆದು ತಿಳಿಸಿ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ, ನೆಲದಲ್ಲಿ ಸಿಕ್ಕ ಬೆಲೆಯುಳ್ಳ ವಸ್ತುವನ್ನು ತಿಳಿಸುವುದು ಸಿಕ್ಕವರ ಹೊಣೆ. ತೋಟ ಹೋಗಿಬಿಡುತ್ತದೆಂಬ ಹೆದರಿಕೆಯಿಂದ ಎಷ್ಟೋ ಮಂದಿ ಬಾಯಿ ಬಿಡುವುದಿಲ್ಲ. ತಿಳಿಸಿದ ಮಾತ್ರಕ್ಕೆ ಜಮೀನು ಕೈಬಿಡುವುದಿಲ್ಲ. ಹೊಂಡವನ್ನು ಇನ್ನೊಂದು ಮೂಲೆಗೆ ಸರಿಸಿ.

ಕೊನೆಗೆ ನಿಮ್ಮ ಅತ್ತೆಯವರ ಮಾತು. ಇದ್ದಲ್ಲೇ ಮುಚ್ಚಿ ಅಂದರಲ್ಲ, ಅದು ನೂರಕ್ಕೆ ನೂರು ಸರಿ. ಪುರಾತತ್ವದವರು ಬರುವವರೆಗೆ ಅದಕ್ಕಿಂತ ಒಳ್ಳೆಯ ಕಾವಲಿಲ್ಲ, ಮಳೆಗೆ ಮುಂಚೆ ಆಗಬೇಕಾದ ಕೆಲಸವೂ ಅದೇ. ಪೆಟ್ಟಿಗೆಯ ಮೇಲೆ ಚಪ್ಪಡಿ ಮೊದಲಿದ್ದ ಹಾಗೇ ಎಳೆಸಿ, ಹೊಂಡದಿಂದ ತೆಗೆದ ಮಣ್ಣನ್ನೇ ಮೇಲೆ ಹಾಕಿಸಿ. ಹೊರಗಿನ ಗೊಬ್ಬರ, ಸುಣ್ಣ ಸೇರದಿರಲಿ. ಮುಚ್ಚುವ ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೆದು, ಆ ಎರಡು ತುಂಡು ಯಾವ ಮೂಲೆಯಿಂದ, ಎಷ್ಟು ಆಳದಿಂದ ಬಂದವೆಂದು ಒಂದು ಹಾಳೆಯಲ್ಲಿ ಬರೆದಿಡಿ. ಅರಿಶಿನ, ಕುಂಕುಮ, ಕರ್ಪೂರ, ಎಣ್ಣೆ ಎಲ್ಲವೂ ಈ ವರ್ಷದ ಕಾರ್ಬನ್, ಮೂಳೆಗೆ ಮಡಕೆಗೆ ತಾಗಬಾರದು. ಪೂಜೆ ಬೇಡವೆನ್ನಲು ನಾನು ಯಾರು? ಮಣ್ಣು ಮುಚ್ಚಿ ಆದ ಮೇಲೆ, ಹತ್ತು ಮಾರು ಆಚೆ ಒಂದು ಕಲ್ಲು ನಿಲ್ಲಿಸಿ, ಅಲ್ಲಿ ದೀಪ ಹಚ್ಚಲು ಹೇಳಿ.